ಮನೆ ತುಂಬ ಸಾಧನ, ನಡುವೆ ಒಂದು ರೌಟರ್

ವೈ-ಫೈ ರೌಟರ್ ಎನ್ನುವುದು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವ ಪೆಟ್ಟಿಗೆ. ಹೊರಗಿನಿಂದ ಮನೆಗೆ ಬಂದ ಒಂದೇ ಇಂಟರ್‌ನೆಟ್ ಸಂಪರ್ಕವನ್ನು ಎಲ್ಲ ಸಾಧನಗಳಿಗೂ ಹಂಚುವುದು ಒಂದು. ಆ ಸಾಧನಗಳ ಜೊತೆ ತಂತಿಯಿಲ್ಲದೆ, ರೇಡಿಯೊ ಅಲೆಗಳಲ್ಲಿ ಮಾತಾಡುವುದು ಇನ್ನೊಂದು. ಮನೆಗೊಂದು ಲ್ಯಾಪ್‌ಟಾಪ್, ಎರಡು ಫೋನು ಇದ್ದ ಕಾಲದಲ್ಲಿ ಯಾವ ರೌಟರ್ ತಂದರೂ ನಡೆಯುತ್ತಿತ್ತು. ಈಗ ನಾಲ್ಕು ಜನರ ಮನೆಯಲ್ಲಿ ಎಣಿಸುತ್ತ ಹೋದರೆ ಐದು ಫೋನು, ಎರಡು ಲ್ಯಾಪ್‌ಟಾಪು, ಒಂದು ಟ್ಯಾಬು, ಎರಡು ಟಿವಿ, ಗೇಟಿಗೊಂದು ಹಿತ್ತಲಿಗೊಂದು ಕ್ಯಾಮೆರಾ, ಪ್ರಿಂಟರ್, ಗೀಸರಿನ ಸ್ಮಾರ್ಟ್ ಪ್ಲಗ್, ಹತ್ತು ಬಲ್ಬು, ಎ.ಸಿ., ವಾಷಿಂಗ್ ಮಷಿನ್, ಕೇಳಿದ ಹಾಡು ಹಾಕುವ ಸ್ಪೀಕರ್, ಇವೆಲ್ಲ ಸೇರಿ ಲೆಕ್ಕ ಮೂವತ್ತರ ಹತ್ತಿರ ಬರುತ್ತದೆ. ಹಬ್ಬಕ್ಕೆ ನೆಂಟರು ಬಂದರೆ ಇನ್ನೂ ಆರೇಳು ಫೋನು ಪಾಸ್‌ವರ್ಡ್ ಕೇಳುತ್ತವೆ.

ಇಷ್ಟು ಸಾಧನಗಳಿಗೆ ಭಾರಿ ವೇಗ ಬೇಕೆಂದು ತೋರುವುದು ಸಹಜ. ಲೆಕ್ಕ ಹಾಕಿದರೆ ಹಾಗೇನೂ ಇಲ್ಲ. 4ಕೆ ಗುಣಮಟ್ಟದ ಸಿನಿಮಾಕ್ಕೆ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಸಾಕು. ಎಚ್.ಡಿ. ವಿಡಿಯೊಗೆ ಸುಮಾರು 5, ವಿಡಿಯೊ ಕರೆಗೆ ಮೂರು ನಾಲ್ಕು, ಒಂದು ಕ್ಯಾಮೆರಾಕ್ಕೆ ಎರಡರಿಂದ ನಾಲ್ಕು. ಬಲ್ಬು, ಪ್ಲಗ್ಗುಗಳ ಮಾತು ಲೆಕ್ಕಕ್ಕೇ ಬಾರದಷ್ಟು ಅಲ್ಪ. ಮೇಲೆ ಹೇಳಿದ ಮನೆಯಲ್ಲಿ ಒಂದು ಟಿವಿಯಲ್ಲಿ 4ಕೆ, ಇನ್ನೊಂದರಲ್ಲಿ ಎಚ್.ಡಿ., ಎರಡು ವಿಡಿಯೊ ಕರೆ, ಎರಡು ಕ್ಯಾಮೆರಾ ಏಕಕಾಲಕ್ಕೆ ನಡೆದರೂ ಒಟ್ಟು 50 ಮೆಗಾಬಿಟ್ ದಾಟುವುದಿಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನ ಪ್ಲಾನ್ ಹಾಕಿಸಿದವರಿಗೂ ಕರೆಯ ನಡುವೆ ಮುಖ ಸ್ತಬ್ಧವಾಗುವುದು, ಗೇಟಿನ ಕ್ಯಾಮೆರಾ ಮಾಯವಾಗುವುದು ತಪ್ಪಿಲ್ಲ. ಆದ್ದರಿಂದ ಕೊರತೆ ಇರುವುದು ಬಹುಪಾಲು ವೇಗದಲ್ಲಲ್ಲ, ಸರದಿಯಲ್ಲಿ.

ಒಬ್ಬರ ಮಾತು, ಉಳಿದವರ ಮೌನ

ಗಾಳಿಯಲ್ಲಿ ಒಂದು ಚಾನೆಲ್ ಅಂದರೆ ಒಂದೇ ಬಾಯಿ. ಒಂದು ಸಾಧನ ಮಾತಾಡುತ್ತಿರುವಾಗ ಅದೇ ಚಾನೆಲ್ಲಿನಲ್ಲಿ ಮತ್ತೊಂದು ದನಿಯೆತ್ತಿದರೆ ಎರಡೂ ಕಲಸಿಹೋಗುತ್ತವೆ. ಈ ತೊಡಕನ್ನು ಮೊದಲು ಎದುರಿಸಿದ್ದು ಹವಾಯಿ ವಿಶ್ವವಿದ್ಯಾಲಯ. ಅಲ್ಲಿ ನಾರ್ಮನ್ ಅಬ್ರಾಮ್‌ಸನ್ ಮುಂದಾಳತ್ವದಲ್ಲಿ 1971ರಲ್ಲಿ ಶುರುವಾದ ಅಲೋಹಾನೆಟ್, ಬೇರೆ ಬೇರೆ ದ್ವೀಪಗಳ ಟರ್ಮಿನಲ್‌ಗಳನ್ನು ರೇಡಿಯೊ ಮೂಲಕ ಒಂದು ಕಂಪ್ಯೂಟರಿಗೆ ಜೋಡಿಸಿತು. ಅದರ ಕ್ರಮ ಸರಳ: ಹೇಳಬೇಕಾದ್ದು ಇದ್ದಾಗ ಹೇಳಿಬಿಡುವುದು, ಉತ್ತರ ಬಾರದಿದ್ದರೆ ತುಸು ಕಾದು ಮತ್ತೆ ಹೇಳುವುದು. ಹೀಗೆ ಮನಬಂದಾಗ ಮಾತಾಡಿದರೆ ಚಾನೆಲ್ಲಿನ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ. 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆಂದು ಗಣಿತ ತೋರಿಸಿತು. ಉಳಿದದ್ದೆಲ್ಲ ಡಿಕ್ಕಿ ಮತ್ತು ಮೌನದ ಪಾಲು.

1997ರಲ್ಲಿ ಬಂದ ಮೊದಲ ವೈ-ಫೈ ಮಾನದಂಡ, ಅಂದರೆ ಐಟ್ರಿಪಲ್‌ಇ ಸಂಸ್ಥೆಯ 802.11, ಇದಕ್ಕೊಂದು ಶಿಸ್ತು ಸೇರಿಸಿತು. ಮಾತಾಡುವ ಮೊದಲು ಪ್ರತಿ ಸಾಧನವೂ ಕಿವಿಗೊಟ್ಟು ಕೇಳಬೇಕು. ಗಾಳಿ ಖಾಲಿ ಇದ್ದರೆ ತನ್ನಲ್ಲೇ ಒಂದು ಅಂಕಿ ಎತ್ತಿಕೊಂಡು, ಅಷ್ಟು ಕ್ಷಣ ಎಣಿಸಿ, ಆಮೇಲೆ ಬಾಯಿ ತೆರೆಯಬೇಕು. ಈ ಒಂದೊಂದು ಎಣಿಕೆಯ ಅಳತೆ ಈಗಿನ ವೈ-ಫೈಯಲ್ಲಿ 9 ಮೈಕ್ರೊಸೆಕೆಂಡ್. ಡಿಕ್ಕಿಯಾದರೆ ಮುಂದಿನ ಸಲ ಎತ್ತುವ ಅಂಕಿಯ ವ್ಯಾಪ್ತಿ ಇಮ್ಮಡಿಯಾಗುತ್ತದೆ. ಐದಾರು ಸಾಧನಗಳಿದ್ದಾಗ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ಸಾಧನ ಹೆಚ್ಚಿದಷ್ಟೂ ಒಂದೇ ಅಂಕಿ ಇಬ್ಬರ ಕೈಗೆ ಬರುವುದು, ಡಿಕ್ಕಿಯಾಗುವುದು, ಮತ್ತೆ ಕಾಯುವುದು ಹೆಚ್ಚುತ್ತದೆ. ಯಾರೂ ಹೆಚ್ಚೇನೂ ಹೇಳದಿದ್ದರೂ ಗಾಳಿ ತುಂಬಿಹೋಗಿರುತ್ತದೆ.

ಇಲ್ಲಿ ಇನ್ನೊಂದು ಒಳಸುಳಿಯಿದೆ. ಸರದಿ ಸಮನಾಗಿ ಸಿಕ್ಕರೂ ಸಮಯ ಸಮನಾಗಿ ಸಿಗುವುದಿಲ್ಲ. ರೌಟರಿನ ಪಕ್ಕದಲ್ಲಿರುವ ಫೋನು ಸೆಕೆಂಡಿಗೆ 600 ಮೆಗಾಬಿಟ್‌ನಂತೆ ಮಾತಾಡಬಲ್ಲದು; ಎರಡು ಗೋಡೆಯಾಚೆಗಿನ ಹಳೇ ಕ್ಯಾಮೆರಾ 6 ಮೆಗಾಬಿಟ್‌ಗೆ ಇಳಿದಿರುತ್ತದೆ. ಒಂದು ಮೆಗಾಬೈಟ್‌ನ ಫೋಟೊ ಕಳಿಸಲು ಮೊದಲನೆಯದಕ್ಕೆ ಸೆಕೆಂಡಿನ ನೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಸಾಕು, ಎರಡನೆಯದಕ್ಕೆ ಒಂದೂಕಾಲು ಸೆಕೆಂಡು ಮೀರಿ ಬೇಕು. ಅಷ್ಟು ಹೊತ್ತೂ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಒಬ್ಬ ಮಂದಗತಿಯವನು ಇಡೀ ಗುಂಪನ್ನೇ ತನ್ನ ಮಟ್ಟಕ್ಕೆ ಎಳೆಯುವ ಈ ದೋಷವನ್ನು ಫ್ರಾನ್ಸಿನ ಗ್ರೆನೊಬಲ್‌ನ ಮಾರ್ಟಿನ್ ಹ್ಯೂಸ್ ಮತ್ತು ಸಂಗಡಿಗರು 2003ರಲ್ಲಿ ಲೆಕ್ಕಸಹಿತ ತೋರಿಸಿಕೊಟ್ಟರು. ಮನೆಯಲ್ಲಿ ನೆಟ್ ನಿಧಾನವಾದಾಗ ಬೈಗುಳ ಬೀಳುವುದು ಸಂಪರ್ಕ ಕೊಟ್ಟ ಕಂಪನಿಗೆ. ಹಲವು ಸಲ ತಪ್ಪಿತಸ್ಥ ಹಿತ್ತಲಿನ ಗೋಡೆಯ ಮೇಲೆ ತಣ್ಣಗೆ ಕುಳಿತಿರುತ್ತದೆ.

ಹೀಗೆ ನೋಡಿದರೆ ರೌಟರ್ ಆರಿಸುವವರು ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ. ಎಷ್ಟು ವೇಗ ಎನ್ನುವುದಕ್ಕಿಂತ, ಇರುವ ಗಾಳಿಯ ಸಮಯವನ್ನು ಅದು ಹೇಗೆ ಹಂಚುತ್ತದೆ ಎನ್ನುವುದು ಮುಖ್ಯ.

ಎರಡು ಬೀದಿ, ಮೂರನೆಯದು ಈಗ

ವೈ-ಫೈ ಓಡಾಡುವ ರೇಡಿಯೊ ಪಟ್ಟಿಗಳು ಸದ್ಯಕ್ಕೆ ಮೂರು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತದಲ್ಲಿ 2005ರ ಜನವರಿಯಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಅದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್; ಗೋಡೆ ದಾಟುವುದರಲ್ಲಿ ಇದೇ ಗಟ್ಟಿ. ಆದರೆ ಜಾಗ ಕಿರಿದು. ಪಟ್ಟಿಯಲ್ಲಿ 13 ಚಾನೆಲ್ ಎಂದು ಬರೆದಿದ್ದರೂ ಅವು ಒಂದರ ಮೇಲೊಂದು ಹೊದ್ದುಕೊಂಡಿವೆ. ಪರಸ್ಪರ ತಾಗದಂತೆ ಬಳಸಬಹುದಾದವು 1, 6, 11, ಈ ಮೂರೇ. ಮೈಕ್ರೊವೇವ್ ಒಲೆ, ಬ್ಲೂಟೂತ್, ಅಕ್ಕಪಕ್ಕದ ಮನೆಯವರ ರೌಟರುಗಳು, ಎಲ್ಲರೂ ಇದೇ ಬೀದಿಯಲ್ಲಿ. ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆರೆದರೆ ಕಾಣುವ ಇಪ್ಪತ್ತು ವೈ-ಫೈ ಹೆಸರುಗಳು ಈ ಮೂರು ಚಾನೆಲ್ಲಿನಲ್ಲೇ ಕಾಲು ಚಾಚಲು ಜಾಗ ಹುಡುಕುತ್ತಿರುತ್ತವೆ.

5 ಗಿಗಾಹರ್ಟ್ಸ್ ಪಟ್ಟಿ ಅಗಲವಾದದ್ದು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ಪಟ್ಟಿಯಲ್ಲಿ ಒಟ್ಟು 605 ಮೆಗಾಹರ್ಟ್ಸ್ ಜಾಗವನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು. ಚಾನೆಲ್ಲನ್ನು 80 ಅಥವಾ 160 ಮೆಗಾಹರ್ಟ್ಸ್‌ವರೆಗೆ ಹಿಗ್ಗಿಸಬಹುದು. ಅಗಲ ಹೆಚ್ಚಿದಷ್ಟೂ ಒಂದು ಮಾತು ಬೇಗ ಮುಗಿಯುತ್ತದೆ, ಗಾಳಿ ಬೇಗ ತೆರವಾಗುತ್ತದೆ. ಕೊರತೆಯೆಂದರೆ ದೂರ. ಆವರ್ತನ ಇಮ್ಮಡಿಯಾದರೆ ಅದೇ ದೂರದಲ್ಲಿ ಆಂಟೆನಾಗೆ ದಕ್ಕುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಗೋಡೆ ನುಂಗುವುದೂ ಹೆಚ್ಚು. ಈ ಪಟ್ಟಿಯ ನಡುಭಾಗದಲ್ಲಿ ಹವಾಮಾನ ರೇಡಾರುಗಳೂ ಕೆಲಸ ಮಾಡುತ್ತವೆ. ಆ ಚಾನೆಲ್ಲುಗಳನ್ನು ಬಳಸುವ ರೌಟರ್ ಮೊದಲು ಒಂದು ನಿಮಿಷ ಸುಮ್ಮನೆ ಆಲಿಸಿ, ರೇಡಾರ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ಶುರುಮಾಡಬೇಕು; ನಡುವೆ ರೇಡಾರಿನ ಸುಳಿವು ಸಿಕ್ಕರೆ ಜಾಗ ಬಿಟ್ಟು ಏಳಬೇಕು. 160 ಮೆಗಾಹರ್ಟ್ಸ್ ಅಗಲ ಹಾಕಿಕೊಂಡವರ ವೈ-ಫೈ ಒಮ್ಮೊಮ್ಮೆ ಕಾರಣ ತಿಳಿಯದಂತೆ ಕಣ್ಮರೆಯಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು 6 ಗಿಗಾಹರ್ಟ್ಸ್. ಅಮೆರಿಕ 2020ರ ಏಪ್ರಿಲ್‌ನಲ್ಲಿ 1,200 ಮೆಗಾಹರ್ಟ್ಸ್‌ನಷ್ಟು ಜಾಗವನ್ನು ಒಮ್ಮೆಗೇ ಬಿಟ್ಟುಕೊಟ್ಟಿತು. ಭಾರತ ಎಚ್ಚರದ ಹೆಜ್ಜೆ ಇಟ್ಟಿತು. 5,925ರಿಂದ 6,425 ಮೆಗಾಹರ್ಟ್ಸ್‌ವರೆಗಿನ ಕೆಳಭಾಗವನ್ನು ಮಾತ್ರ, ಕಡಿಮೆ ಶಕ್ತಿಯ ಒಳಾಂಗಣ ಬಳಕೆಗೆ ತೆರೆಯುವ ಕರಡು ನಿಯಮಗಳು 2025ರ ಮೇ ತಿಂಗಳಲ್ಲಿ ಹೊರಬಂದವು. ಈ 500 ಮೆಗಾಹರ್ಟ್ಸ್‌ನೊಳಗೆ ವೈ-ಫೈ 7 ಎಂಬ ಹೊಸ ಪೀಳಿಗೆಯ ಅತಿ ಅಗಲವಾದ, 320 ಮೆಗಾಹರ್ಟ್ಸ್‌ನ ಚಾನೆಲ್ ಒಂದೇ ಒಂದು ಹಿಡಿಯುತ್ತದೆ. ವಿದೇಶದ ವಿಮರ್ಶೆಗಳಲ್ಲಿ ಹೊಗಳಿಸಿಕೊಂಡ ರೌಟರ್ ಇಲ್ಲಿ ಅಷ್ಟೇ ಜೋರಾಗಿ ಓಡಬೇಕೆಂದೇನೂ ಇಲ್ಲ. ಅಲ್ಲಿಂದ ತಂದ ಪೆಟ್ಟಿಗೆಯ ಚಾನೆಲ್ ಪಟ್ಟಿಯೂ ಅಲ್ಲಿನ ಕಾಯ್ದೆಗೆ ಹೊಂದಿದ್ದಾಗಿರುತ್ತದೆ.

ಸ್ಮಾರ್ಟ್ ಪ್ಲಗ್, ಬಲ್ಬು, ಕಡಿಮೆ ಬೆಲೆಯ ಕ್ಯಾಮೆರಾಗಳ ಹೊಟ್ಟೆಯಲ್ಲಿರುವ ಅಗ್ಗದ ಚಿಪ್ಪುಗಳಿಗೆ, ಉದಾಹರಣೆಗೆ 2014ರಲ್ಲಿ ಬಂದು ಮನೆಮಾತಾದ ಇಎಸ್‌ಪಿ8266ಕ್ಕೆ, 2.4 ಬಿಟ್ಟರೆ ಬೇರೆ ಪಟ್ಟಿ ಗೊತ್ತಿಲ್ಲ. ಇದರಿಂದ ಒಂದು ಕೆಲಸದ ಸೂತ್ರ ತಾನಾಗಿ ಒದಗುತ್ತದೆ: ಮಾತು ಕಡಿಮೆ, ಸಂಖ್ಯೆ ಹೆಚ್ಚು ಇರುವ ಸಣ್ಣಪುಟ್ಟ ಸಾಧನಗಳೆಲ್ಲ 2.4ರಲ್ಲಿರಲಿ, ಟಿವಿ, ಫೋನು, ಲ್ಯಾಪ್‌ಟಾಪುಗಳು 5ಕ್ಕೆ ಹೋಗಲಿ. ಎರಡು ಪಟ್ಟಿಗೂ ಒಂದೇ ಹೆಸರಿಡುವುದು ಈಗಿನ ವಾಡಿಕೆ. ಅದು ಅನುಕೂಲವೇ; ಆದರೆ ಹೊಸ ಬಲ್ಬನ್ನು ಜೋಡಿಸುವಾಗ ಫೋನು 5ರಲ್ಲಿ, ಬಲ್ಬು 2.4ರಲ್ಲಿ ನಿಂತು ಒಬ್ಬರನ್ನೊಬ್ಬರು ಹುಡುಕುತ್ತ ಅರ್ಧ ಗಂಟೆ ಹಾಳಾಗುವುದುಂಟು. 2.4ಕ್ಕೆ ಪ್ರತ್ಯೇಕ ಹೆಸರು ಕೊಡಲು ಬರುವ ರೌಟರ್ ಇದ್ದರೆ ಆ ಪರದಾಟವಿಲ್ಲ. ಹಾಗೆಂದು ಹೆಸರುಗಳನ್ನು ನಾಲ್ಕೈದು ಮಾಡಿಟ್ಟುಕೊಳ್ಳುವುದೂ ತಪ್ಪು. ಪ್ರತಿ ಹೆಸರನ್ನೂ ರೌಟರ್ ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ಸಲ, ಅತಿ ನಿಧಾನದ ವೇಗದಲ್ಲಿ, ಕೂಗಿ ಸಾರುತ್ತಿರುತ್ತದೆ. ಆ ಕೂಗೂ ಗಾಳಿಯ ಸಮಯವನ್ನೇ ತಿನ್ನುತ್ತದೆ.

ಪಂಕ್ತಿಯಲ್ಲಿ ಬಡಿಸುವ ವೈ-ಫೈ 6

2018ರವರೆಗೆ ವೈ-ಫೈ ಪೀಳಿಗೆಗಳಿಗೆ 802.11ಎನ್, 802.11ಎಸಿ ಎಂಬ ಬಾಯಿಗೆ ಬಾರದ ಹೆಸರುಗಳಿದ್ದವು. ಆ ವರ್ಷ ಅವುಗಳಿಗೆ ಅಂಕಿ ಕೊಡಲಾಯಿತು: 2009ರದ್ದು ವೈ-ಫೈ 4, 2013ರದ್ದು 5, ಪ್ರಮಾಣಪತ್ರ 2019ರಿಂದ ಸಿಗತೊಡಗಿದ್ದು 6, 2024ರ ಜನವರಿಯಿಂದ 7. ಐದನೆಯದರವರೆಗೂ ಪೈಪೋಟಿ ಇದ್ದದ್ದು ಒಂದು ಸಾಧನಕ್ಕೆ ಎಷ್ಟು ವೇಗ ಕೊಡಬಹುದು ಎಂಬುದರ ಮೇಲೆ. ಸಾಧನಗಳು ಹಲವು ಎಂಬ ವಾಸ್ತವವನ್ನು ಎದುರಿಗಿಟ್ಟುಕೊಂಡು ರೂಪಿಸಿದ ಮೊದಲ ಪೀಳಿಗೆ ಆರನೆಯದು.

ಹಿಂದಿನ ಪೀಳಿಗೆಗಳಲ್ಲಿ ಸರದಿ ಸಿಕ್ಕ ಸಾಧನಕ್ಕೆ ಇಡೀ ಚಾನೆಲ್ ಸಿಗುತ್ತಿತ್ತು. ಬಲ್ಬೊಂದು ‘ಹೂಂ, ಹೊತ್ತಿದ್ದೇನೆ’ ಎನ್ನಲೂ ಪೂರ್ತಿ ಅಗಲದ ಗಾಳಿ. ಮದುವೆ ಮನೆಯ ಉದ್ದನೆ ಪಂಕ್ತಿಯಲ್ಲಿ ಒಬ್ಬರನ್ನೇ ಕೂರಿಸಿ, ಅವರು ಚಮಚ ಪಾಯಸ ಕುಡಿದು ಎದ್ದ ಮೇಲೆ ಇನ್ನೊಬ್ಬರನ್ನು ಕರೆದ ಹಾಗೆ. ವೈ-ಫೈ 6 ಪಂಕ್ತಿಯ ತುಂಬ ಎಲೆ ಹಾಕಿತು. 20 ಮೆಗಾಹರ್ಟ್ಸ್‌ನ ಚಾನೆಲ್ಲನ್ನು ಒಂಬತ್ತು ತುಂಡುಗಳವರೆಗೆ, 80ರದ್ದನ್ನು 37 ತುಂಡುಗಳವರೆಗೆ ಹೋಳು ಮಾಡಿ ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಸಾಧನಗಳಿಗೆ ಬಡಿಸಬಹುದು. ಒಎಫ್‌ಡಿಎಂಎ ಎಂಬುದು ಇದರ ಹೆಸರು. ಯಾರಿಗೆ ಯಾವ ಎಲೆ, ಎಷ್ಟು ಹೊತ್ತು ಎನ್ನುವುದನ್ನು ರೌಟರ್ ತೀರ್ಮಾನಿಸುತ್ತದೆ. ಸಾಧನಗಳು ಮಾತಾಡುವ ಸರದಿಗೂ ಅದೇ ಅಪ್ಪಣೆ ಕೊಡಬಲ್ಲದು. ಪಂಕ್ತಿಯ ಕಟ್ಟುಪಾಡು ಇಲ್ಲೂ ಅನ್ವಯಿಸುತ್ತದೆ: ಒಟ್ಟಿಗೆ ಕೂತವರು ಒಟ್ಟಿಗೇ ಏಳಬೇಕು. ಬೇಗ ಉಂಡವರ ತುಂಡಿನಲ್ಲಿ ಖಾಲಿ ಬಿಟ್‌ಗಳನ್ನು ತುಂಬಿಸಿ ಕೊನೆಯನ್ನು ಸರಿಗಟ್ಟಲಾಗುತ್ತದೆ. ಹಾಗಾಗಿ ಯಾರನ್ನು ಯಾರ ಜೊತೆ ಕೂರಿಸಬೇಕೆಂದು ಲೆಕ್ಕ ಹಾಕುವ ಜಾಣ್ಮೆ ರೌಟರಿಗೆ ಇರಬೇಕು. ಎಲ್ಲ ವೈ-ಫೈ 6 ರೌಟರುಗಳಲ್ಲೂ ಅದು ಒಂದೇ ಮಟ್ಟದಲ್ಲಿಲ್ಲ. ಪೆಟ್ಟಿಗೆಯ ಮೇಲೆ ಅದನ್ನು ಅಚ್ಚು ಹಾಕುವುದೂ ಇಲ್ಲ.

ಇದರ ಜೊತೆಗೆ ಬಂದ ಇನ್ನೆರಡು ಉಪಾಯಗಳು ಹೇಳುವಂಥವು. ಬ್ಯಾಟರಿಯ ಮೇಲೆ ನಡೆಯುವ ಸಾಧನ ಮತ್ತೆ ಯಾವಾಗ ಎಚ್ಚರವಾಗಬೇಕೆಂದು ರೌಟರಿನ ಜೊತೆ ಮೊದಲೇ ಗೊತ್ತುಮಾಡಿಕೊಂಡು ನಿದ್ದೆ ಹೋಗಬಹುದು. ಅಷ್ಟು ಹೊತ್ತು ಅದರ ಗದ್ದಲವಿಲ್ಲ. ನೆರೆಮನೆಯ ರೌಟರ್ ಅದೇ ಚಾನೆಲ್ಲಿನಲ್ಲಿದ್ದರೆ, ತಮ್ಮ ಮಾತಿಗೆ ಒಂದು ‘ಬಣ್ಣ’ದ ಗುರುತು ಹಚ್ಚಿ, ದೂರದಿಂದ ಕ್ಷೀಣವಾಗಿ ಕೇಳುವ ಬೇರೆ ಬಣ್ಣದ ಮಾತನ್ನು ಲೆಕ್ಕಿಸದೆ ಮುಂದುವರಿಯಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈ ಸವಲತ್ತುಗಳು ದಕ್ಕುವುದು ವೈ-ಫೈ 6 ಗೊತ್ತಿರುವ ಸಾಧನಗಳಿಗಷ್ಟೇ. ಹಳೇ ಬಲ್ಬು ಹೊಸ ರೌಟರಿನ ಮುಂದೆಯೂ ಹಳೆಯ ಭಾಷೆಯನ್ನೇ ಆಡುತ್ತದೆ, ಅದಕ್ಕೆ ಪಂಕ್ತಿಯಲ್ಲಿ ಎಲೆಯಿಲ್ಲ. ಹೊಸ ಫೋನು, ಲ್ಯಾಪ್‌ಟಾಪುಗಳು ತಮ್ಮ ಮಾತನ್ನು ಬೇಗ ಮುಗಿಸಿ ಗಾಳಿ ಬಿಟ್ಟುಕೊಡುವುದರಿಂದ ಅದಕ್ಕೂ ಪರೋಕ್ಷ ಲಾಭವಾಗುತ್ತದೆ, ಅಷ್ಟೆ. ವೈ-ಫೈ 7 ಎರಡು ಪಟ್ಟಿಗಳನ್ನು ಒಟ್ಟಿಗೆ ಬಳಸುವ ಕಲೆ ತಂದಿದೆ. ಮನೆಯ ಬಹುಪಾಲು ಸಾಧನಗಳು ವೈ-ಫೈ 4, 5, 6ರಲ್ಲೇ ಇರುವ ತನಕ ಅದಕ್ಕಾಗಿ ಇಮ್ಮಡಿ ದುಡ್ಡು ಸುರಿಯುವುದು ದುಂದು.

ಪೆಟ್ಟಿಗೆಯ ಮೇಲಿನ ಅಂಕಿ

‘ಎಎಕ್ಸ್ 3000’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಇದು ಯಾವ ಸಾಧನಕ್ಕೂ ಸಿಗುವ ವೇಗವಲ್ಲ. 2.4ರಲ್ಲಿ ಗರಿಷ್ಠ 574, 5ರಲ್ಲಿ ಗರಿಷ್ಠ 2,402, ಎರಡನ್ನೂ ಕೂಡಿಸಿ 2,976, ಅದನ್ನು ಹಿಗ್ಗಿಸಿ 3000. ಮೈಸೂರಿಗೆ ಹೋಗುವ ಬಸ್ಸಿನ ವೇಗಕ್ಕೆ ಮಂಗಳೂರಿಗೆ ಹೋಗುವ ಬಸ್ಸಿನ ವೇಗ ಕೂಡಿಸಿ ಹೇಳಿದ ಹಾಗೆ. ಮೇಲಾಗಿ 2,402 ಸಿಗಬೇಕಾದರೆ 160 ಮೆಗಾಹರ್ಟ್ಸ್ ಚಾನೆಲ್ ಖಾಲಿ ಇರಬೇಕು, ಎದುರಿನ ಸಾಧನವೂ ಆ ಅಗಲವನ್ನು ಬಲ್ಲದ್ದಾಗಿರಬೇಕು, ಎರಡೂ ಒಂದೇ ಕೋಣೆಯಲ್ಲಿರಬೇಕು.

ಆದರೂ ಈ ಅಂಕಿಯನ್ನು ಬಿಡಿಸಿ ಓದಿದರೆ ಉಪಯೋಗಕ್ಕೆ ಬರುತ್ತದೆ. ಎಎಕ್ಸ್ 1500 ಎಂದರೆ ಸಾಮಾನ್ಯವಾಗಿ 300 ಮತ್ತು 1,201ರ ಮೊತ್ತ. 300 ಎಂಬುದು ವೈ-ಫೈ 4ರ ವೇಗ; ಅಂದರೆ ಆ ರೌಟರಿನ 2.4ರ ಭಾಗ ಹಳೆಯದು, 5ರ ಭಾಗ ಮಾತ್ರ ವೈ-ಫೈ 6. ಎಎಕ್ಸ್ 1800ರಲ್ಲಿ 574 ಇರುವುದರಿಂದ ಎರಡೂ ಕಡೆ ಹೊಸತು. ಸಣ್ಣ ಸಾಧನಗಳ ದಂಡು 2.4ರಲ್ಲೇ ಇರುವ ಮನೆಗೆ ಈ ವ್ಯತ್ಯಾಸ ಮುಂದೆ ಮುಂದೆ ಬೆಲೆಬಾಳುತ್ತದೆ. ಬಿಇ 3600 ಎಂದು ಮಾರುವ ವೈ-ಫೈ 7 ಪೆಟ್ಟಿಗೆ 688ಕ್ಕೆ 2,882 ಕೂಡಿಸಿದ್ದು. ಅದರಲ್ಲಿ 6 ಗಿಗಾಹರ್ಟ್ಸ್ ರೇಡಿಯೊ ಇಲ್ಲವೇ ಇಲ್ಲ.

‘ನೂರಕ್ಕೂ ಹೆಚ್ಚು ಸಾಧನ’ ಎಂಬ ಹೇಳಿಕೆಗೂ ಹೆಚ್ಚು ತೂಕವಿಲ್ಲ. ಮಾನದಂಡದ ಪ್ರಕಾರ ಒಂದು ರೌಟರ್ ರೇಡಿಯೊ 2,007 ಸಾಧನಗಳಿಗೆ ಕ್ರಮಸಂಖ್ಯೆ ಕೊಡಬಹುದು. ಹೆಸರು ಬರೆದುಕೊಳ್ಳುವುದು ಬೇರೆ, ಬಡಿಸುವುದು ಬೇರೆ. ಅದಕ್ಕಿಂತ ನೋಡಬೇಕಾದ್ದು ರೌಟರಿನ ಒಳಗಿನ ಸ್ಮರಣೆ ಮತ್ತು ಪ್ರೊಸೆಸರ್. ಮನೆಗೆ ಸಿಗುವ ಹೊರ ವಿಳಾಸ ಒಂದೇ ಆದ್ದರಿಂದ, ಒಳಗಿನ ಪ್ರತಿ ಸಾಧನದ ಪ್ರತಿ ಸಂಪರ್ಕವನ್ನೂ ರೌಟರ್ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಬಂದ ಉತ್ತರವನ್ನು ಸರಿಯಾದ ಬಾಗಿಲಿಗೆ ತಲುಪಿಸಬೇಕು. ಒಂದು ವೆಬ್ ಪುಟ ತೆರೆದರೆ ಹತ್ತಾರು ಸಂಪರ್ಕ ಹುಟ್ಟುತ್ತವೆ. ಪಟ್ಟಿ ಉಕ್ಕಿದರೆ ಅಗ್ಗದ ರೌಟರ್ ಬೆಪ್ಪಾಗಿ ನಿಲ್ಲುತ್ತದೆ. ‘ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ’ ಎನ್ನುವ ರೌಟರುಗಳಲ್ಲಿ ಕೆಲವಕ್ಕೆ ಕಾಯಿಲೆ ಇದೇ.

ಕಣ್ಣಿಗೆ ಕಾಣದ ಇನ್ನೊಂದು ಮೋಸ ಹಿಂಬದಿಯ ತೂತುಗಳಲ್ಲಿದೆ. ಮುಂದೆ 1200 ಎಂದು ಬರೆದು, ಹಿಂದೆ 100 ಮೆಗಾಬಿಟ್‌ನ ಪೋರ್ಟ್ ಕೊಟ್ಟ ರೌಟರುಗಳು ಅಂಗಡಿಯಲ್ಲಿ ಬೇಕಾದಷ್ಟಿವೆ. 300 ಮೆಗಾಬಿಟ್‌ನ ಪ್ಲಾನಿಗೆ ದುಡ್ಡು ಕಟ್ಟಿದರೂ ಆ ತೂತಿನಿಂದ ಒಳಗೆ ಬರುವುದು ನೂರಕ್ಕಿಂತ ಕಡಿಮೆಯೇ. ‘ಗಿಗಾಬಿಟ್ ಪೋರ್ಟ್’ ಎಂಬ ಎರಡು ಪದಗಳನ್ನು ಹುಡುಕದೆ ಬಿಲ್ ಮಾಡಿಸಬಾರದು.

ಸಾಲಿನ ಕೊನೆಯಲ್ಲಿ ನಿಂತ ಮಾತು

ಗಾಳಿಯ ಸರದಿ ಸರಿಹೋದರೂ ಇನ್ನೊಂದು ಸರದಿ ಉಳಿಯುತ್ತದೆ. ಅದು ರೌಟರಿನಿಂದ ಹೊರಗೆ ಹೋಗುವ ದಾರಿಯದು. ಮನೆಯ ಸಂಪರ್ಕಕ್ಕೆ ಹೊರಹೋಗುವ ವೇಗ 10 ಮೆಗಾಬಿಟ್ ಇದೆಯೆಂದುಕೊಂಡರೆ, ಫೋನೊಂದು ಫೋಟೊಗಳನ್ನೆಲ್ಲ ಬ್ಯಾಕಪ್ ಮಾಡತೊಡಗಿದಾಗ ಕಳಿಸಲು ಬಾಕಿಯಿರುವ ಮಾಹಿತಿ ರೌಟರಿನಲ್ಲಿ ಸಾಲುಗಟ್ಟುತ್ತದೆ. ಒಂದು ಮೆಗಾಬೈಟ್ ಸಾಲು ಕಟ್ಟಿದರೂ ಅದು ಕರಗಲು 0.8 ಸೆಕೆಂಡ್ ಬೇಕು. ಅದೇ ಗಳಿಗೆಯಲ್ಲಿ ವಿಡಿಯೊ ಕರೆಯ ದನಿ ಸಾಲಿನ ಕೊನೆಗೆ ಬಂದು ನಿಂತರೆ ಮುಕ್ಕಾಲು ಸೆಕೆಂಡು ದಾಟಿ ಹೊರಡುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಿಲ್ಲಿಸಿ, ‘ನೀವು ಹೇಳಿ’ ಎನ್ನುವ ಅಭಾಸದ ಮೂಲ ಹಲವು ಸಲ ಇಲ್ಲಿದೆ.

ಸ್ಮರಣೆ ಅಗ್ಗವಾದಂತೆ ತಯಾರಕರು ಸಾಲಿನ ಜಾಗವನ್ನು ಉದ್ದ ಮಾಡುತ್ತ ಹೋದದ್ದರಿಂದ ಈ ರೋಗ ಉಲ್ಬಣಿಸಿತು. ಜಿಮ್ ಗೆಟಿಸ್ ಎಂಬ ಎಂಜಿನಿಯರ್ ಇದನ್ನು ಪತ್ತೆಹಚ್ಚಿ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ‘ಕೋಡೆಲ್’ ಎಂಬ ಮದ್ದು ಕೊಟ್ಟರು. ಸಾಲಿನ ಉದ್ದ ನೋಡುವ ಬದಲು ಮಾಹಿತಿಯ ಒಂದು ಪೊಟ್ಟಣ ಎಷ್ಟು ಹೊತ್ತು ಕಾದಿದೆ ಎಂದು ನೋಡಿ, ಕಾಯುವಿಕೆ ಮಿತಿ ಮೀರಿ ಮುಂದುವರಿದರೆ ಕೆಲವನ್ನು ಬಿಸಾಡಿ, ಕಳಿಸುವವರಿಗೆ ‘ನಿಧಾನಿಸಿ’ ಎಂಬ ಸೂಚನೆ ಮುಟ್ಟಿಸುವುದು ಅದರ ಬಗೆ. ಇದಕ್ಕೆ ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ, ಸಾಲಿಗೊಂದರಂತೆ ಬಿಡುವ ವಿಧಾನ ಸೇರಿ ‘ಎಫ್‌ಕ್ಯೂ-ಕೋಡೆಲ್’ ಆಯಿತು. 2018ರಲ್ಲಿ ಅಂತರಜಾಲದ ಅಧಿಕೃತ ದಾಖಲೆಗಳ ಪೈಕಿ ಅದಕ್ಕೂ ಜಾಗ ಸಿಕ್ಕಿತು. 2004ರಲ್ಲಿ ಹುಟ್ಟಿದ ಓಪನ್‌ಡಬ್ಲ್ಯುಆರ್‌ಟಿ ಎಂಬ, ರೌಟರಿಗೆ ಹಾಕಬಹುದಾದ ಮುಕ್ತ ತಂತ್ರಾಂಶದಲ್ಲಿ ಇದು ಉಚಿತವಾಗಿ ಸಿಗುತ್ತದೆ. ಮೂವತ್ತು ಸಾಧನಗಳ ಮನೆಯಲ್ಲಿ, ವೈ-ಫೈ 7ರ ಚಿಹ್ನೆಗಿಂತ ಈ ಗುಣ ಹೆಚ್ಚು ಕೆಲಸಕ್ಕೆ ಬರುತ್ತದೆ. ರೌಟರಿನ ವಿವರಪಟ್ಟಿಯಲ್ಲಿ ‘ಎಸ್‌ಕ್ಯೂಎಂ’ ಎಂದಿದ್ದರೆ ಅದೇ ಇದು. ಬರೇ ‘ಕ್ಯೂಒಎಸ್’ ಎಂದಿದ್ದರೆ ಅರ್ಥ ತಯಾರಕರಿಗೆ ಬಿಟ್ಟದ್ದು.

ಗೋಡೆ, ತಾರಸಿ, ತಂತಿ

ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಬಡಾವಣೆಗಳಲ್ಲಿ 30×40 ಅಡಿ ಸೈಟಿನ ಎರಡಂತಸ್ತಿನ ಮನೆ ಸಾಮಾನ್ಯ ನೋಟ. ಗೋಡೆ ಸಿಮೆಂಟ್ ಬ್ಲಾಕಿನದು, ನಡುವೆ ಕಬ್ಬಿಣದ ಸರಳಿನ ಬಲೆ ಹಾಸಿದ ಆರ್‌ಸಿಸಿ ತಾರಸಿ. ಗೋಡೆಯನ್ನಾದರೂ ಅಲೆ ಸೋಸಿಕೊಂಡು ದಾಟುತ್ತದೆ. ಆ ತಾರಸಿಯನ್ನು 5 ಗಿಗಾಹರ್ಟ್ಸ್ ದಾಟಿ ಮೇಲೇರುವಷ್ಟರಲ್ಲಿ ಸುಸ್ತಾಗಿರುತ್ತದೆ. ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆಗಳದೂ ಇದೇ ಕಥೆ. ಇಂಥಲ್ಲಿ ಎಂಟು ಆಂಟೆನಾದ, ಏಡಿಯಂತೆ ಕಾಣುವ ದುಬಾರಿ ರೌಟರ್ ತಂದು ಒಂದೇ ಕಡೆ ಇಡುವುದು ಜನ ಮಾಡುವ ಮೊದಲ ತಪ್ಪು. ರೌಟರ್ ಎಷ್ಟೇ ಜೋರಾಗಿ ಕೂಗಲಿ, ಫೋನಿನ ದನಿ ಕ್ಷೀಣವೇ. ಮಹಡಿಯ ಕೋಣೆಯಲ್ಲಿ ಸಿಗ್ನಲ್ ಗೆರೆಗಳು ತುಂಬಿ ಕಂಡರೂ ಫೋನು ಕೊಟ್ಟ ಉತ್ತರ ರೌಟರಿಗೆ ಕೇಳಿಸದಿದ್ದರೆ ಮಾತುಕತೆ ನಡೆಯುವುದಿಲ್ಲ.

ದೊಡ್ಡ ಕೂಗಿಗಿಂತ ಹತ್ತಿರದ ಎರಡು ಮೆಲುದನಿ ಮೇಲು. ಕೆಳಗೊಂದು, ಮೇಲೊಂದು ಸಾಧಾರಣ ವೈ-ಫೈ 6 ಪೆಟ್ಟಿಗೆ ಇಟ್ಟು, ಎರಡನ್ನೂ ಒಂದೇ ಜಾಲವಾಗಿ ನಡೆಸುವುದಕ್ಕೆ ಮೆಶ್ ಎನ್ನುತ್ತಾರೆ. ಅವೆರಡರ ನಡುವಿನ ಕೊಂಡಿಯೂ ಗಾಳಿಯಲ್ಲೇ, ಅದೇ ಚಾನೆಲ್ಲಿನಲ್ಲೇ ಇದ್ದರೆ ಪ್ರತಿ ಮಾತನ್ನೂ ಎರಡು ಸಲ ಹೇಳಿದಂತಾಗಿ ಸಿಗುವ ವೇಗ ಅರ್ಧಕ್ಕೆ ಇಳಿಯುತ್ತದೆ. ಅಗ್ಗದ ‘ರಿಪೀಟರ್’ಗಳು ನಿರಾಸೆ ಮಾಡುವುದು ಇದಕ್ಕೇ. ನಡುವೆ ಒಂದು ಲ್ಯಾನ್ ಕೇಬಲ್ ಎಳೆದುಬಿಟ್ಟರೆ ಆ ನಷ್ಟ ಸೊನ್ನೆ. ಹೊಸ ಮನೆ ಕಟ್ಟಿಸುವವರು ವೈರಿಂಗ್ ಮಾಡಿಸುವಾಗಲೇ ಪ್ರತಿ ಮಹಡಿಗೆ, ಟಿವಿ ಇಡುವ ಗೋಡೆಗೆ ಒಂದೊಂದು ಪೈಪು ಬಿಡಿಸಿ ಕ್ಯಾಟ್ 6 ಕೇಬಲ್ ಹಾಕಿಸಿಕೊಂಡರೆ ಮುಂದೆ ಯಾವ ಪೀಳಿಗೆಯ ವೈ-ಫೈ ಬಂದರೂ ಚಿಂತೆಯಿಲ್ಲ. ಟಿವಿ, ಡೆಸ್ಕ್‌ಟಾಪ್, ಪ್ರಿಂಟರ್‌ನಂಥ ಕದಲದ ಸಾಧನಗಳನ್ನು ತಂತಿಗೆ ಕಟ್ಟಿದರೆ ಗಾಳಿ ಅಷ್ಟರಮಟ್ಟಿಗೆ ಹಗುರ. 4ಕೆ ಟಿವಿ ಒಂದನ್ನು ಗಾಳಿಯಿಂದ ಇಳಿಸುವುದು ಇಪ್ಪತ್ತು ಬಲ್ಬು ತೆಗೆದುಹಾಕುವುದಕ್ಕಿಂತ ದೊಡ್ಡ ಉಪಕಾರ.

ಇಡುವ ಜಾಗವೂ ಅಷ್ಟೇ ಮುಖ್ಯ. ಫೈಬರ್ ಎಳೆಯುವವರು ಬೀದಿ ಬದಿಯ ಕಿಟಕಿಯ ಮೂಲೆಯಲ್ಲಿ ಪೆಟ್ಟಿಗೆ ಬಡಿದು ಹೋಗುತ್ತಾರೆ. ಅರ್ಧ ಸಿಗ್ನಲ್ ರಸ್ತೆಗೆ ಹೋಗುತ್ತದೆ. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ, ಕನ್ನಡಿಯ ಹಿಂಭಾಗ, ಮೀನಿನ ತೊಟ್ಟಿಯ ಬಳಿ, ಇವೆಲ್ಲ ಕೆಟ್ಟ ಜಾಗಗಳು. ಲೋಹ ಅಲೆಯನ್ನು ಹಿಂದಕ್ಕೆ ಹೊಡೆಯುತ್ತದೆ, ನೀರು ಕುಡಿದುಬಿಡುತ್ತದೆ. ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಕಪಾಟಿನಲ್ಲಿಟ್ಟರೆ ಒಳ್ಳೆಯದು. ಕಡ್ಡಿಯಂಥ ಆಂಟೆನಾ ತನ್ನ ತುದಿಯ ದಿಕ್ಕಿಗೆ ಬಹಳ ಕಡಿಮೆ, ಸುತ್ತಲೂ ಹೆಚ್ಚು ಹೊಮ್ಮಿಸುತ್ತದೆ. ಒಂದೇ ಅಂತಸ್ತಿಗೆ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಬೇಕು. ಮಹಡಿಗೂ ಮುಟ್ಟಬೇಕಾದರೆ ಒಂದನ್ನು ಅಡ್ಡ ಮಲಗಿಸುವುದು ಉಚಿತ ಉಪಾಯ.

ಮೂವತ್ತು ಬಾಗಿಲು

ಸಾಧನ ಹೆಚ್ಚಿದಂತೆ ಕಳ್ಳರು ನುಸುಳುವ ಕಿಂಡಿಗಳೂ ಹೆಚ್ಚುತ್ತವೆ. 2016ರ ಅಕ್ಟೋಬರ್ 21ರಂದು ಜಾಲತಾಣಗಳ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಎಂಬ ಸಂಸ್ಥೆಯ ಮೇಲೆ ನಡೆದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೊಂದರೆಗೊಳಗಾದವು. ದಾಳಿಗೆ ಬಳಕೆಯಾದದ್ದು ಜನರ ಮನೆಯ ಕ್ಯಾಮೆರಾ, ವಿಡಿಯೊ ರೆಕಾರ್ಡರ್, ರೌಟರುಗಳು. ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯಿಂದಲೇ ಬಂದ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ ಅವುಗಳೊಳಗೆ ಹೊಕ್ಕಿತ್ತು. ಮಾಲೀಕರು ಆ ಪಾಸ್‌ವರ್ಡ್ ಬದಲಿಸಿಯೇ ಇರಲಿಲ್ಲ.

ಆದ್ದರಿಂದ ಆರಿಸುವ ರೌಟರಿನಲ್ಲಿ ಅತಿಥಿ ಜಾಲ ಮಾಡುವ ಅವಕಾಶ ಇರಲೇಬೇಕು. ಬಲ್ಬು, ಕ್ಯಾಮೆರಾಗಳನ್ನು ಅದರಲ್ಲಿ ಕೂಡಿಹಾಕಿದರೆ ಅವು ಕೆಟ್ಟರೂ ಬ್ಯಾಂಕಿನ ವ್ಯವಹಾರ ನಡೆಯುವ ಲ್ಯಾಪ್‌ಟಾಪನ್ನು ಮುಟ್ಟಲಾರವು. 2018ರಲ್ಲಿ ಬಂದ ಡಬ್ಲ್ಯುಪಿಎ3 ಬೀಗ ಬೇಕು, ಆದರೆ ಹಳೇ ಸಾಧನಗಳಿಗೆ ಅದು ತಿಳಿಯದ ಕಾರಣ ಡಬ್ಲ್ಯುಪಿಎ2 ಜೊತೆಗೆ ಬೆರೆಸಿ ನಡೆಸುವ ಸೌಲಭ್ಯವೂ ಬೇಕು. ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುತ್ತಾರೆಂದು ಕೇಳಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಈ ಅವಧಿಯನ್ನು ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ.

ಈ ಎಲ್ಲದರ ಲೆಕ್ಕ ಹಾಕಿ ಮೂವತ್ತು ಸಾಧನದ ಎರಡಂತಸ್ತಿನ ಮನೆಗೆ ತೀರ್ಪು ಕೊಡುವುದಾದರೆ: ಎರಡೂ ಪಟ್ಟಿಯಲ್ಲಿ ವೈ-ಫೈ 6 ಇರುವ, ಗಿಗಾಬಿಟ್ ಪೋರ್ಟಿನ, ಸಾಲು ನಿಭಾಯಿಸಬಲ್ಲ, ಅಪ್‌ಡೇಟ್ ಸಿಗುವ ಸಾಧಾರಣ ಬೆಲೆಯ ಎರಡು ಪೆಟ್ಟಿಗೆ, ನಡುವೆ ಒಂದು ಕೇಬಲ್. ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆಯೂ ರೌಟರ್ ಆಗಿಯೇ ಇದ್ದರೆ ಅದನ್ನು ಬರೇ ಸಂಪರ್ಕ ದಾಟಿಸುವ ‘ಬ್ರಿಜ್ ಮೋಡ್’ಗೆ ಹಾಕಿಸಿ ಅದರ ವೈ-ಫೈ ನಿಲ್ಲಿಸಬೇಕು, ಇಲ್ಲವಾದರೆ ವಿಳಾಸ ಹಂಚುವ ಯಜಮಾನರು ಇಬ್ಬರಾಗುತ್ತಾರೆ. ಉಳಿದ ದುಡ್ಡಿನಲ್ಲಿ 12 ವೋಲ್ಟಿನ ಮಿನಿ ಯುಪಿಎಸ್ ತರಬಹುದು. ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ಎರಡನ್ನೂ ಓದಿಕೊಂಡು ಹೋಗಬೇಕು. ಬೀದಿಯ ಕಂಬದಲ್ಲಿ ಫೈಬರನ್ನು ಮನೆಮನೆಗೆ ಕವಲೊಡೆಸುವ ಸ್ಪ್ಲಿಟರ್ ಬರೀ ಗಾಜಿನದು, ಅದಕ್ಕೆ ವಿದ್ಯುತ್ ಬೇಕಿಲ್ಲ; ಬಡಾವಣೆಯ ಕರೆಂಟು ಹೋದರೂ ಮನೆಯ ಪೆಟ್ಟಿಗೆಗಳಿಗೆ ಬ್ಯಾಟರಿ ಇದ್ದು, ಸಂಪರ್ಕ ಕೊಡುವವರ ಕೇಂದ್ರದಲ್ಲಿ ವಿದ್ಯುತ್ ಇದ್ದರೆ ನೆಟ್ ನಡೆಯುತ್ತಲೇ ಇರುತ್ತದೆ.